ಯಾರೂ ನನ್ನ ಸಂಬಂಧಿಕರಲ್ಲ

ಆ ವಾಕ್ಯವನ್ನು ನಾನು ಬರೆದದ್ದಲ್ಲ, ನಮೂನೆಯಲ್ಲೇ ಅಚ್ಚಾಗಿತ್ತು. "ಈ ಪಟ್ಟಿಯಲ್ಲಿರುವ ಯಾರೂ ನನ್ನ ಸಂಬಂಧಿಕರಲ್ಲ ಎಂದು ದೃಢೀಕರಿಸುತ್ತೇನೆ." ಅದರ ಕೆಳಗೆ ಪಟ್ಟಿ ತಯಾರಿಸಿದ ಗುಮಾಸ್ತರು ಸಹಿ ಮಾಡಬೇಕು. ೧೯೭೬ರಲ್ಲಿ ಟಿಕೋಟಾದ ಮನೆಯಿಲ್ಲದವರಿಗೆ ನಿವೇಶನ ಹಂಚುವ ಪಟ್ಟಿ ತಯಾರಿಸುವ ಕೆಲಸ ತಾಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ನನ್ನ ಮೇಜಿಗೆ ಬಂದಿತ್ತು. ಹನ್ನೊಂದನೆಯ ಹೆಸರು ಮಕ್ತುಮಬಿಯದು.

ನಾನು ಹುಟ್ಟಿದಾಗ ಬಿಜಾಪುರದ ಜೋರಾಪುರ ಪೇಟೆಯಲ್ಲಿ ಅವಳದು ನಮ್ಮ ಪಕ್ಕದ ಮನೆ. ಬಾಣಂತಿ ಅವ್ವನಿಗೆ ಜ್ವರ ಬಂದು ಎದೆಹಾಲು ಬತ್ತಿತು. ಮಕ್ತುಮಬಿ ತನ್ನ ಮಗಳು ಮುಮತಾಜಳ ಜೊತೆ ನನಗೂ ಒಂದು ವರ್ಷ ಹಾಲೂಡಿಸಿದಳು. "ಎಡಗಡೇದು ಮುಮತಾಜಂದು, ಬಲಗಡೇದು ನಮ್ಮ ಶಂಕ್ರೀದು" ಎಂದು ಕಂಡವರಿಗೆಲ್ಲ ಹೇಳಿ, ಕಾಲೇಜಿಗೆ ಹೋಗುತ್ತಿದ್ದ ನನ್ನನ್ನು ನಾಚಿಸುತ್ತಿದ್ದಳು. ಗಂಡ ತೀರಿದ ಮೇಲೆ ಮಗಳೊಂದಿಗೆ ಟಿಕೋಟಾಕ್ಕೆ ಹೋಗಿ, ಯಾರದೋ ದನದ ಕೊಟ್ಟಿಗೆಯ ಮೂಲೆಯಲ್ಲಿ ಕೌದಿ ಹೊಲಿಯುತ್ತ ಇದ್ದಳು.

ಹಿರಿಯ ಗುಮಾಸ್ತ ಧೂಳಪ್ಪನವರನ್ನು ಕೇಳಿದೆ: "ಹಾಲ ಕುಡಿಸಿದವರು ಬಳಗ ಆಗ್ತಾರೇನ್ರೀ?"

"ಹಂಗಾದ್ರ ನಮ್ಮ ಓಣಿ ಗೌಳಿ ನಮಗೆಲ್ಲಾ ಅಪ್ಪ ಆದಾನ್ರೀ, ಬಾಯಾರ!" ಎಂದು ನಕ್ಕರು. ನೌಕರಿಯ ಹೆಂಗಸರಿಗೆ ನಮ್ಮ ಕಡೆ 'ಬಾಯಾರು' ಎಂದೇ ಗೌರವದ ಕರೆ. ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಖರೇ ಹೇಳತೇನಿ ಕೇಳ್ರಿ. ಸಂಬಂಧಿ ಅಂತ ಬರದ್ರ ಆಕಿ ಹೆಸರು ತಗದು ವಿಚಾರಣಿ ಮಾಡತೀವಂತ ಚೌಕಶಿಗೆ ಇಡ್ತಾರ. ಚೌಕಶಿಗೆ ಹೋದ ಕಾಗದ ತಿರುಗಿ ಬಂದದ್ದ ನೋಡೀರೇನು? ಆಕಿಗೆ ಜಾಗಾ ಬೇಕೋ, ನಿಮಗ ಬಳಗ ಬೇಕೋ?"

ಎರಡು ದಿನ ನಡತೆ ನಿಯಮಗಳ ಪುಸ್ತಕ ತಿರುವಿದೆ. ರಕ್ತದ ಸಂಬಂಧವಿತ್ತು, ಮದುವೆಯದಿತ್ತು, ದತ್ತಕದ್ದೂ ಇತ್ತು. ಹಾಲಿನದು ಇರಲಿಲ್ಲ. ಹಾಗಾಗಿ ನನ್ನ ಸಹಿ ಸುಳ್ಳಲ್ಲ. ಸಹಿ ಮಾಡಿದೆ.

ಪಟ್ಟಿಯ ಜೊತೆ ಆ ವಾಕ್ಯವನ್ನೂ ಊರ ಚಾವಡಿಯಲ್ಲಿ ಗುಮಾಸ್ತರೇ ಓದಬೇಕೆಂದು ಆದೇಶವಿತ್ತು. ಮೊದಲೇ ಹೋಗಿ ಮಕ್ತುಮಬಿಗೆ ತಿಳಿಸಿ ಹೇಳಬೇಕೆಂದುಕೊಂಡೆ. ಆದರೆ ಅರ್ಜಿದಾರಳ ಮನೆಗೆ ಹೋದದ್ದನ್ನು ಯಾರಾದರೂ ನೋಡಿದರೆ? ಮೇಲಿನವರಿಗೆ ಬರೆದರೆ? ಹೋಗಲಿಲ್ಲ.

ಬಸ್ಸಿಳಿದು ಚಾವಡಿಯ ಹತ್ತಿರ ಬರುವಾಗಲೇ ಅವಳ ದನಿ ಕೇಳಿತು: "ಸರೀರಿ, ದಾರಿ ಬಿಡ್ರಿ, ನನ್ನ ಮಗಳು ಬರಾಕತ್ತಾಳ. ಬಲಗಡಿ ಕುಡದಾಕಿ!" ಹೆಂಗಸರು ನಕ್ಕರು. ಅವಳು ಪೆಟ್ಟಿಗೆಯಲ್ಲಿಟ್ಟ ಹಸಿರು ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಕೂತಿದ್ದಳು.

ಹೆಸರುಗಳನ್ನು ಓದಿದೆ. ಹನ್ನೊಂದನೆಯದನ್ನೂ ಉಳಿದವುಗಳಂತೆಯೇ ಓದಿದೆ. ಕೊನೆಗೆ ಆ ವಾಕ್ಯ. ಗಡಿಬಿಡಿಯಲ್ಲಿ ಓದಿ ಮುಗಿಸಿದೆ. ಹಿಂದಿನಿಂದ ಯಾರೋ "ಕೇಳಲಿಲ್ರೀ, ಇನ್ನೊಮ್ಮಿ" ಅಂದರು. ಇನ್ನೊಮ್ಮೆ ಓದಿದೆ.

ಪಟ್ಟಿಯಲ್ಲಿ ಹೆಸರು ಬಾರದಿದ್ದ ಹುಚ್ಚವ್ವ ಎದ್ದು ನಿಂತಳು. "ಯಾಕ ಬೇ ಮಕ್ತುಮಬಿ, ಮುಂಜಾನಿಂದ ಮಗಳು ಮಗಳು ಅಂತ ಕುಣದಿ. ಬಾಯಾರು ಯಾರೂ ಅಲ್ಲಂತ ಓದ್ಯಾರ. ಇಬ್ಬರಾಗ ಸುಳ್ಳ ಯಾರದು?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯಬೇಕಿತ್ತು. ಮಕ್ತುಮಬಿಯ ನಿವೇಶನ ಹೋದೀತೆಂದು ಹೆದರಿದೆ ಎಂದು ಇಂದಿಗೂ ಹೇಳಿಕೊಳ್ಳುತ್ತೇನೆ. ನನ್ನ ನೌಕರಿಯ ಹೆದರಿಕೆಯೂ ಅದರಲ್ಲಿತ್ತು.

ಮಕ್ತುಮಬಿ ಒಂದು ಕ್ಷಣ ನನ್ನನ್ನು ನೋಡಿ ಹುಚ್ಚವ್ವನ ಕಡೆ ತಿರುಗಿದಳು. "ನಂದ ಸುಳ್ಳ, ಹೋಗ. ಮುದುಕಿ, ಬಡಾಯಿ ಕೊಚ್ಚಿದ್ನಿ. ಅದರಾಗ ಬಾಯಾರದೇನೈತಿ?"

ಹೆಬ್ಬೆಟ್ಟು ಒತ್ತಲು ಬಂದಾಗ ಅವಳ ಬೆರಳಿಗೆ ನಾನೇ ಮಸಿ ಹಚ್ಚಿದೆ. "ಎಲ್ಲಿ ಒತ್ತಲ್ರೀ, ಬಾಯಾರ? ತೋರಸ್ರಿ" ಅಂದಳು. ಅವಳ ಬಾಯಿಂದ ನನಗೆ 'ರಿ' ಬಂದದ್ದು ಅದೇ ಮೊದಲು.

ಮರುವರ್ಷ ಅವಳ ಮನೆ ಎದ್ದಿತು. ಒಂದು ರಜೆಯ ದಿನ ಹೋದೆ. ಮುಮತಾಜಳನ್ನು ಕಳಿಸಿ ಪಕ್ಕದ ಮನೆಯಿಂದ ಕುರ್ಚಿ ತರಿಸಿದಳು. ನಾನು ನಿಯಮವನ್ನೆಲ್ಲ ಬಿಡಿಸಿ ಹೇಳಿದೆ. ಅವಳು ತಲೆಯಾಡಿಸುತ್ತ ಕೇಳಿದಳು. "ತಿಳೀತ್ರೀ. ನೀವು ಬರೋಬ್ಬರಿನ ಮಾಡೀರಿ."

ಕುರ್ಚಿ ಬಿಟ್ಟು ಕೌದಿಯ ಮೇಲೆ ಅವಳ ಬಲಗಡೆ ಕೂತೆ. "ಚಿಗವ್ವಾ, ಒಮ್ಮಿ ಶಂಕ್ರೀ ಅನ್ನಬೇ."

ಅವಳು ತೆರೆದ ಬಾಗಿಲ ಕಡೆ ನೋಡಿದಳು. ಹೊರಗೆ ಯಾರೋ ಕೊಡ ಹೊತ್ತು ಹೋಗುತ್ತಿದ್ದರು.

"ಬ್ಯಾಡ್ರೀ, ಬಾಯಾರ" ಎಂದು ಪಿಸುಗುಟ್ಟಿದಳು. "ಯಾರರ ಕೇಳ್ಯಾರು. ನೀವು ಅಂಜತೀರಿ."