ಮುಳ್ಳು ಮುಚ್ಚಿದ ಕಂಡಿ

ವರವು ಕಾವಲಿನ ಹುಲ್ಲುಗಾವಲಿಗೆ ಸರ್ಕಾರದವರ ಗೋಡೆ ಬಂದ ಮೇಲೆ ಹಟ್ಟಿಯವರ ಕುರಿಗಳಿಗೆ ಉಳಿದದ್ದು ಒಂದೇ ದಾರಿ. ಹಳ್ಳ ಹಾಯುವ ಕಡೆ ಮಳೆನೀರು ಗೋಡೆಯನ್ನು ಎತ್ತಿನಗಾಡಿಯಷ್ಟು ಅಗಲಕ್ಕೆ ಕೆಡವಿ ಹಾಕಿತ್ತು. ಗೋಡೆ ಕಟ್ಟಿದವರು ಅದನ್ನು ನೋಡಲಿಲ್ಲ, ಹಟ್ಟಿಯವರು ನೋಡಿದರು. ಅಂದಿನಿಂದ ಆ ಕಂಡಿಗೆ ಜಾಲಿಮುಳ್ಳೇ ಬಾಗಿಲು. ಬೆಳಿಗ್ಗೆ ಮುಳ್ಳು ಎಳೆದು ಕುರಿ ಒಳಗೆ ಬಿಡಬೇಕು, ಕಾವಲುಗಾರರ ಕಣ್ಣಿಗೆ ಬೀಳದಂತೆ ಹಳ್ಳದ ತಗ್ಗಿನಲ್ಲೇ ಮೇಯಿಸಬೇಕು, ದಿಣ್ಣೆ ಹತ್ತಗೊಡಬಾರದು, ಸಂಜೆ ಹೊರಗೆ ತಂದು ಮತ್ತೆ ಮುಳ್ಳು ಮುಚ್ಚಬೇಕು. ಕಾವಲುಗಾರರ ಜೀಪು ದಿನವೂ ಆ ಪಕ್ಕದಲ್ಲೇ ಹೋಗುತ್ತಿತ್ತು. ಜಾಲಿ ಪೊದೆ ಕಂಡು ಜೀಪಿನಿಂದ ಇಳಿಯುವಷ್ಟು ಹುಚ್ಚು ಯಾರಿಗಿದೆ ಹೇಳಿ. ಹಟ್ಟಿಯಲ್ಲಿ ಗಂಡ ಹೆಂಡತಿ ಜಗಳವಾಡಿ ಮಾತು ಬಿಟ್ಟರೂ ಕಂಡಿಯ ಸುದ್ದಿ ಮಾತ್ರ ಹೊರಗೆ ಬಿದ್ದಿರಲಿಲ್ಲ.

ಅಂಥ ಕಂಡಿಯನ್ನು ಅದೇ ಹಟ್ಟಿಯ ಪಾಲಮ್ಮ ಹೊರಗಿನವರಿಗೆ ತೋರಿಸಿಬಿಟ್ಟಳು. ಅದೂ ಪಕ್ಕದ ಊರಿನವರಿಗಲ್ಲ, ಹಾಲೆಂಡಿನವರಿಗೆ.

ಶಿವರಾತ್ರಿ ಕಳೆದು ಬಿಸಿಗಾಳಿ ಶುರುವಾಗಿತ್ತು. ಗಂಡ ಚಿಕ್ಕೀರಪ್ಪ ಕುರಿಗಳಿಗೆ ಔಷಧಿ ತರಲು ಚಳ್ಳಕೆರೆಗೆ ಹೋಗಿದ್ದ. ಪಾಲಮ್ಮ ಒಬ್ಬಳೇ ಹಿಂಡು ಹೊರಗೆ ತರುವ ಹೊತ್ತಿಗೆ ರಸ್ತೆ ಬದಿಯಲ್ಲಿ ಒಂದು ಹಳೆಯ ವ್ಯಾನು ನಿಂತಿತ್ತು. ಕಿಟಕಿಗೆ ಪರದೆ, ತಲೆಯ ಮೇಲೆ ನೀರಿನ ಡ್ರಮ್ಮು, ಹಿಂದೆ ಒಣಗಲು ಹಾಕಿದ ಟವೆಲು. ಅದರಿಂದ ಇಳಿದ ಬಿಳಿಕೂದಲಿನ ಹೆಂಗಸು ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಮಡಿಸಿ ಕತ್ತಿಗೆ ಸುತ್ತಿಕೊಂಡಿದ್ದಳು. ಪಾಲಮ್ಮನ ತವರು ಮೊಳಕಾಲ್ಮೂರಿನ ಹತ್ತಿರ. ತನ್ನ ಮದುವೆಗೂ ಸಿಗದ ಸೀರೆ ಇವಳ ಕತ್ತಿನ ಬೆವರು ಒರೆಸುತ್ತಿದೆಯಲ್ಲ ಎಂದು ಅವಳಿಗೆ ನಗು ಬಂತು.

ಹೆಂಗಸಿನ ಹೆಸರು ಮಾರ್ತಾ, ಗಂಡ ಪೀಟರ್. ಅವಳು ಫೋನಿನಲ್ಲಿ ಏನೋ ಹೇಳಿದಳು. ಫೋನು ರೇಡಿಯೋದಲ್ಲಿ ವಾರ್ತೆ ಓದುವವರ ದನಿಯಲ್ಲಿ, "ನಾವು ಈ ರಾತ್ರಿ ತಂಗಲು ಸುರಕ್ಷಿತ ಸ್ಥಳವನ್ನು ಅರಸುತ್ತಿದ್ದೇವೆ. ದಯವಿಟ್ಟು ಸಹಕರಿಸಿ" ಎಂದಿತು.

"ಇಲ್ಲಿ ಬ್ಯಾಡ್ರವ್ವ. ಲಾರಿ ಓಡಾಡ್ತಾವೆ, ಧೂಳಾಗೆ ಉಸಿರು ಕಟ್ತೈತೆ" ಎಂದಳು ಪಾಲಮ್ಮ. ಫೋನಿಗೆ ತಲೆಬುಡ ತಿಳಿಯಲಿಲ್ಲ. ತವರಿನ ತೆಲುಗಿನಲ್ಲಿ ಹೇಳಿ ನೋಡಿದಳು. ಅದಕ್ಕೂ ಇಲ್ಲ. ಕೊನೆಗೆ ಕೈಸನ್ನೆಯೇ ಗತಿಯಾಯಿತು.

ವ್ಯಾನಿನ ಪಕ್ಕಕ್ಕೆ ಭೂಪಟ ಬರೆಸಿದ್ದರು. ಮಾರ್ತಾ ಅದರ ಮೇಲಿದ್ದ ಕೆಂಪು ಗೆರೆಯ ಮೇಲೆ ಬೆರಳು ಎಳೆದಳು. ತಮ್ಮ ಊರಿನಿಂದ ಆಫ್ರಿಕಾದ ಒಂದು ಮಗ್ಗುಲು ಹಿಡಿದು ತುದಿಯವರೆಗೆ, ಇನ್ನೊಂದು ಮಗ್ಗುಲಲ್ಲಿ ಮೇಲಕ್ಕೆ, ಅರಬ್ಬರ ಮರಳು ದಾಟಿ, ಹಡಗಿನಲ್ಲಿ ಮುಂಬೈ. ಮುಂದೆ ಚೆನ್ನೈ, ಮತ್ತೆ ಹಡಗು, ಮತ್ತೆ ರಸ್ತೆ. ಪಾಲಮ್ಮನಿಗೆ ದೇಶಗಳ ಹೆಸರು ಗೊತ್ತಿರಲಿಲ್ಲ. ಗೆರೆ ಉದ್ದವಿದೆ, ಇಬ್ಬರಿಗೂ ವಯಸ್ಸಾಗಿದೆ, ಮನೆ ಅಂದರೆ ಈ ವ್ಯಾನೇ ಅನ್ನುವಷ್ಟು ತಿಳಿಯಿತು. ಅವಳೂ ವರ್ಷಕ್ಕೊಮ್ಮೆ ಕುರಿಗಳ ಹಿಂದೆ ತುಂಗಭದ್ರೆಯ ಕಡೆಗೆ ನಡೆಯುವವಳು. ಹೊತ್ತು ಇಳಿಯುತ್ತಿದ್ದಂತೆ ಇವತ್ತು ರಾತ್ರಿ ಯಾರ ಹೊಲದಲ್ಲಿ ಕುರಿ ತರುಬಿ ತಂಗುವುದು, ಯಾರು ಮಜ್ಜಿಗೆ ಕೊಟ್ಟಾರು, ಯಾರು ನಾಯಿ ಬಿಟ್ಟಾರು ಎಂಬ ಚಿಂತೆ ಹೊಟ್ಟೆಯಲ್ಲಿ ಕೂರುವುದು ಅವಳಿಗೆ ಗೊತ್ತು. ಇವರು ಅದೇ ಚಿಂತೆಯನ್ನು ಸಂಜೆ ಸಂಜೆ ಹೊತ್ತುಕೊಂಡು ಭೂಮಿ ಸುತ್ತುತ್ತಿದ್ದಾರೆ.

ಅಷ್ಟೇ, ಮನಸ್ಸು ಕರಗಿತು. ಮುಳ್ಳು ಎಳೆದು ವ್ಯಾನು ಒಳಗೆ ಬಿಟ್ಟಳು. ತಗ್ಗಿನಲ್ಲೇ ಇರಿ, ದಿಣ್ಣೆ ಹತ್ತಬೇಡಿ ಎಂದು ಕೈಯಾಡಿಸಿದಳು. ಗೋಡೆಯ ಕಂಡಿ ತೋರಿಸಿ ತುಟಿಯ ಮೇಲೆ ಬೆರಳಿಟ್ಟಳು. ಮಾರ್ತಾ ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದಳು. ಹೊರಗೆ ಬಂದ ಪಾಲಮ್ಮ ರೂಢಿಯಂತೆ ಮುಳ್ಳು ಮುಚ್ಚಿ ಕುರಿ ಹೊಡೆದುಕೊಂಡು ಹಟ್ಟಿಗೆ ಹೋದಳು.

ಬೆಳಿಗ್ಗೆ ಪೀಟರ್ ಕೃಷ್ಣಮೃಗ ಕಂಡ. ಕ್ಯಾಮರಾ ತಗೊಂಡು ವ್ಯಾನಿನ ಸಮೇತ ದಿಣ್ಣೆ ಹತ್ತಿದ. ಬೆಕ್ಕಿಗೆ ಕೈ ತೋರಿಸಿ ಹಾಲು ಮುಟ್ಟಬೇಡ ಅಂದಿದ್ದರೂ ಇಷ್ಟೇ ಆಗುತ್ತಿತ್ತೇನೋ. ಕಾವಲುಗಾರರು ಹಿಡಿದರು, ಪೊಲೀಸರು ಬಂದರು, ವ್ಯಾನು ಠಾಣೆಯ ಅಂಗಳ ಸೇರಿತು.

ಪಾಲಮ್ಮ ಗಂಡನಿಗೆ ಎಲ್ಲ ಹೇಳಿದಳು. ಚಿಕ್ಕೀರಪ್ಪ ಬೈಯಲಿಲ್ಲ. ಅಣ್ಣ ದೊಡ್ಡೀರಪ್ಪನನ್ನು ಕರೆದುಕೊಂಡು ಹೋಗಿ, ಕಂಡಿಯ ಒಳಗೂ ಹೊರಗೂ ಬಿದ್ದಿದ್ದ ಗಾಲಿಯ ಗುರುತಿನ ಮೇಲೆ ಎರಡು ಹಿಂಡು ಕುರಿ ಓಡಾಡಿಸಿದ. ಗುರುತು ಅಳಿಸಿತು. ಜೀಪು ಗೋಡೆಯುದ್ದಕ್ಕೂ ಓಡಾಡಿತು, ಜಾಲಿ ಪೊದೆಯ ಮುಂದೆಯೇ ನಿಂತು, ಏನೂ ಕಾಣದೆ ಮುಂದಕ್ಕೆ ಹೋಯಿತು.

ಪಾಲಮ್ಮನ ಮಗ ಓಬಳೇಶ ಚಳ್ಳಕೆರೆಯಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಠಾಣೆಯ ಕಾನ್‌ಸ್ಟೇಬಲ್ ಮಹಾಂತೇಶ ಅವನ ಜೊತೆ ಓದಿದವನು. ಮರುದಿನ ಊಟಕ್ಕೆ ಬಂದಾಗ ಓಬಳೇಶ ಸುದ್ದಿ ಬಿಚ್ಚಿದ.

"ಅವ್ವ, ಸಾಹೇಬ್ರಿಗೆ ಅವರ ಮ್ಯಾಲೆ ಸಿಟ್ಟಿಲ್ಲ. ಒಳಗೆ ಹೆಂಗೆ ಬಂದ್ರಿ ಅನ್ನೋದೊಂದೇ ಕೇಳ್ತಾರೆ. ಗೇಟಾಗೆ ಬಂದಿಲ್ಲ, ಗೋಡೆ ಹಾರಕ್ಕೆ ವ್ಯಾನಿಗೆ ಕಾಲಿಲ್ಲ. ಇವರು ಬಾಯಿ ಬಿಡವಲ್ರು. ಕ್ಯಾಮರಾ ಬ್ಯಾರೆ ಐತೆ. ಏನೋ ಮುಚ್ಚಿಡ್ತಾರೆ ಅಂತ ಅನುಮಾನ ಬಂದೈತೆ."

"ಬಾಯಿ ಬಿಡವಲ್ರಾ?" ಎಂದಳು ಪಾಲಮ್ಮ.

"ಆ ಗಂಡಸಾದ್ರೂ ಹೇಳಂಗೆ ಮಾಡ್ತಾನಂತೆ, ಆಯಮ್ಮ ಕೈ ಹಿಡಿದು ಸುಮ್ನಾಗಿಸ್ತಾಳಂತೆ. ಕೇಸಾದ್ರೆ ವ್ಯಾನು ಕೋರ್ಟಿನ ಪಾಲು. ಹಿಡಿದು ತಂದ ಮರಳು ಲಾರಿಗಳ ಪಕ್ಕ ತುಕ್ಕು ಹಿಡೀತೈತೆ. ಚೆನ್ನೈ ಹಡಗು ಹೋಗೇ ಹೋಗ್ತೈತೆ."

ಪಾಲಮ್ಮ ಕೈಯಲ್ಲಿದ್ದ ಮುದ್ದೆ ತಟ್ಟೆಗೇ ಇಟ್ಟಳು. ಯಾರೋ ದಾರಿಯಲ್ಲಿ ಹೋಗುವವರು, ಇವಳ ಹೆಸರೂ ತಿಳಿಯದವರು, ಇವಳು ತುಟಿಗೆ ಇಟ್ಟ ಒಂದು ಬೆರಳಿಗೆ ಇಷ್ಟು ಬೆಲೆ ಕೊಟ್ಟು ಕೂತಿದ್ದಾರೆ. ಮಾತು ಕೊಟ್ಟವರು ಅವರು. ಇಸಕೊಂಡವಳು ಇಲ್ಲಿ ಮುದ್ದೆ ಮುರಿಯುತ್ತಿದ್ದಾಳೆ.

ಸಂಜೆ ದೊಡ್ಡೀರಪ್ಪ ಕಟ್ಟೆಯ ಮೇಲೆ ಕೂತು ಅವಳನ್ನು ಕರೆದ. ಕೂಗಾಡುವ ಮನುಷ್ಯನಲ್ಲ, ಎದುರು ನಿಂತವರಿಗೆ ಅದೇ ಕಷ್ಟ.

"ನೋಡವ್ವ ಪಾಲಮ್ಮ, ನಿನ್ನ ಸಂಕಟ ನಂಗೆ ತಿಳೀತೈತೆ. ಅವರು ಶ್ರೀಮಂತ್ರು, ಇನ್ನೊಂದು ವ್ಯಾನು ತಗೊಂಡು ಇನ್ನೊಂದ್ಸಲ ಸುತ್ತುತ್ತಾರೆ. ನಮ್ಮ ಕುರಿಗೆ ಇನ್ನೊಂದು ಕಾವಲು ಎಲ್ಲೈತೆ? ಹಟ್ಟಿಯಾಗೆ ಯಾವ ಮನಿಗೂ ಇದೊಂದೇ ಕಂಡಿ."

"ಹೌದು ಬಾವ" ಎಂದಳು. ಅವನ ಮಾತಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಅದಕ್ಕೇ ಅವಳಿಗೆ ಇನ್ನೂ ಹಿಂಸೆಯಾಯಿತು. ಹಟ್ಟಿಯವರು ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು.

ಬೆಳಿಗ್ಗೆ ಓಬಳೇಶನ ಆಟೋ ಹತ್ತಿದಳು. ಹಲ್ಲುನೋವು, ಆಸ್ಪತ್ರೆಗೆ ಎಂದು ಗಂಡನಿಗೆ ಹೇಳಿದಳು. ಸುಮ್ಮನೆ ಒಮ್ಮೆ ಅವರ ಮುಖ ನೋಡಿ ಬರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಎರಡೂ ಸುಳ್ಳು.

ಠಾಣೆಯ ಅಂಗಳದಲ್ಲಿ ವ್ಯಾನಿನ ಬಾಗಿಲಿಗೆ ಬೀಗ ಹಾಕಿ ಸೀಲು ಮಾಡಿದ್ದರು. ಮಾರ್ತಾ ಅದರ ಮೆಟ್ಟಿಲ ಮೇಲೆ ಕೂತು ಹೊಲಿಗೆ ಬಿಚ್ಚಿದ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಪೀಟರ್ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಗೇಟಿನಲ್ಲಿ ಪಾಲಮ್ಮ ನಿಂತದ್ದು ಕಂಡು ಮಾರ್ತಾಳ ಸೂಜಿ ನಿಂತಿತು. ಮರುಕ್ಷಣವೇ ಅವಳು ಗುರುತು ಪರಿಚಯ ಇಲ್ಲದವಳಂತೆ ತಲೆ ಬಗ್ಗಿಸಿ ಹೊಲಿಯತೊಡಗಿದಳು. ಪಕ್ಕದಲ್ಲಿದ್ದ ಪೊಲೀಸಿಗೆ ಏನೂ ತಿಳಿಯಬಾರದು ಎಂದು ಮುಖವನ್ನು ಇನ್ನಷ್ಟು ಬಗ್ಗಿಸಿಕೊಂಡಳು.

ಬೈದಿದ್ದರೆ ಪಾಲಮ್ಮ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಸೆರಗು ಬಿಗಿದುಕೊಂಡು ಸೀದಾ ಇನ್‌ಸ್ಪೆಕ್ಟರ್ ಮುಂದೆ ಹೋಗಿ ನಿಂತಳು.

"ಅವರನ್ನ ಒಳಗೆ ಬಿಟ್ಟೋಳು ನಾನು ಸ್ವಾಮಿ. ಯಾರಿಗೂ ಹೇಳಬ್ಯಾಡ್ರಿ ಅಂದೋಳೂ ನಾನೇ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಎಲ್ಲ ಕೇಳಿದ ಮೇಲೆ, "ಮೊದಲೇ ಯಾಕಮ್ಮ ಹೇಳಲಿಲ್ಲ?" ಎಂದರು.

"ಹೇಳಿದ್ರೆ ಕಂಡಿ ಮುಚ್ಚುತ್ತೀರಲ್ಲ, ಅದಕ್ಕೇ."

"ಮುಚ್ಚಲೇಬೇಕಾಗುತ್ತೆ. ನಾನು ಬಿಟ್ಟರೂ ಗೋಡೆಯವರು ಬಿಡಲ್ಲ."

"ಗೊತ್ತು ಸ್ವಾಮಿ. ಗೊತ್ತಿದ್ದೇ ಬಂದೀನಿ."

ಜಾಗ ತೋರಿಸಲು ಅವಳನ್ನು ಜೀಪಿನಲ್ಲೇ ಕರೆದುಕೊಂಡು ಹೋದರು. ಜೀಪು ಕಂಡು ಹಟ್ಟಿಯವರೆಲ್ಲ ಬಂದು ನಿಂತಿದ್ದರು. ಯಾವ ಪೊದೆ ಎಂದು ಕೇಳಿದಾಗ ಪಾಲಮ್ಮ ಬಾಯಲ್ಲಿ ಹೇಳಲಾರದೆ ಬಗ್ಗಿ ಮುಳ್ಳು ಎಳೆಯತೊಡಗಿದಳು. ಕೈಯೆಲ್ಲ ಗೀರಿತು. ಚಿಕ್ಕೀರಪ್ಪ ಒಂದು ಹೆಜ್ಜೆ ಮುಂದೆ ಬಂದು ಅಣ್ಣನ ಮುಖ ನೋಡಿ ನಿಂತುಬಿಟ್ಟ. ಹಲ್ಲುನೋವು ಎಂದು ಅವನಿಗೆ ಸುಳ್ಳು ಹೇಳಿದ್ದು ಆಗ ಅವಳಿಗೆ ಬೇರೆಯಾಗಿ ಚುಚ್ಚಿತು.

ಮಧ್ಯಾಹ್ನ ಎಚ್ಚರಿಕೆ ಹೇಳಿ ವ್ಯಾನು ಬಿಟ್ಟರು. ಮಾರ್ತಾ ಹಾಗೇ ಹೋಗಬಾರದಿತ್ತೇ, ಹಟ್ಟಿ ಹುಡುಕಿಕೊಂಡು ಬಂದಳು. ಎಲ್ಲರ ಎದುರು ಪಾಲಮ್ಮನನ್ನು ತಬ್ಬಿಕೊಂಡಳು. ಫೋನು ಅದೇ ವಾರ್ತೆಯ ದನಿಯಲ್ಲಿ, "ನಿಮಗೆ ನಾವು ಋಣಿಗಳು. ನೀವು ಬಹಳ ಒಳ್ಳೆಯವರು" ಎಂದು ಕಟ್ಟೆಯವರೆಗೂ ಕೇಳುವಂತೆ ಸಾರಿತು.

"ಒಳ್ಳೆಯೋಳಂತೆ, ಕೇಳಿದ್ರಾ" ಎಂದ ದೊಡ್ಡೀರಪ್ಪ, ಯಾರ ಕಡೆಗೂ ನೋಡದೆ.

ಪಾಲಮ್ಮನಿಗೆ ಮಾರ್ತಾಳ ಕೈ ಬಿಡಿಸಿಕೊಂಡರೆ ಸಾಕಾಗಿತ್ತು. ಇವಳಿಗೆ ಎರಡು ದಿನ ಮೋಸ ಮಾಡಿದೆ, ಹಟ್ಟಿಯವರಿಗೆ ಇನ್ನು ಎಷ್ಟು ವರ್ಷಕ್ಕಾಗುವಷ್ಟೋ ಮಾಡಿದೆ, ಯಾವ ಕಡೆ ತಿರುಗಿ ತಪ್ಪಾಯಿತು ಅನ್ನಬೇಕೋ ತಿಳಿಯಲಿಲ್ಲ. "ಹೋಗಿ ಬರ್ರಿ, ಹೊತ್ತಾಗ್ತೈತೆ" ಎಂದಷ್ಟೇ ಹೇಳಿದಳು. ವ್ಯಾನು ಚೆನ್ನೈ ದಾರಿ ಹಿಡಿಯಿತು.

ಸಂಜೆಯೊಳಗೆ ಮೇಸ್ತ್ರಿಗಳು ಬಂದು ಕಂಡಿ ಮುಚ್ಚಿದರು.

ಮರುದಿನ ಬೆಳಿಗ್ಗೆ ಕುರಿರೊಪ್ಪದ ಬೇಲಿ ತೆಗೆದದ್ದೇ ತಡ, ಕುರಿಗಳು ರೂಢಿಯ ದಾರಿ ಹಿಡಿದು ಹಳ್ಳಕ್ಕೆ ಇಳಿದವು. ಅವಳ ಹಿಂಡಿನ ಹಿಂದೆ ದೊಡ್ಡೀರಪ್ಪನ ಹಿಂಡು, ಅದರ ಹಿಂದೆ ಉಳಿದ ಮನೆಗಳದು. ಯಾರೂ ತಡೆಯಲಿಲ್ಲ. ಹಸಿ ಗೋಡೆಯ ಮುಂದೆ ಕುರಿಗಳೆಲ್ಲ ಒತ್ತೊತ್ತಾಗಿ ನಿಂತವು. ಮುಂದಿದ್ದ ಮುದಿ ಕುರಿ ಗೋಡೆ ಮೂಸಿ ನೋಡಿ ಹಿಂದಕ್ಕೆ ತಿರುಗಿ ಪಾಲಮ್ಮನನ್ನೇ ನೋಡಿತು. ದಿನವೂ ಮುಳ್ಳು ಎಳೆದು ದಾರಿ ಬಿಡುತ್ತಿದ್ದವಳು ಅವಳೇ. ಇವತ್ತೂ ಎಳೆಯುತ್ತಾಳೆ ಎಂದು ಕಾಯುತ್ತಿತ್ತು.

"ನೀನೇ ತಿರುಗಿಸವ್ವ" ಎಂದ ದೊಡ್ಡೀರಪ್ಪ.

ಪಾಲಮ್ಮ ಕೋಲೆತ್ತಿದಳು. ಮೊದಲ ಏಟು ಬಿದ್ದರೂ ಆ ಕುರಿ ಕದಲಲಿಲ್ಲ. ಇನ್ನೊಂದು ಏಟು ಹಾಕಬೇಕಾಯಿತು.