ಏಳನೇ ಪೆಟ್ಟಿಗೆಯ ಮಿಡತೆ

ಕಿರ್ರ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಕಿರ್ರ್. ಸದ್ದು ಅಡುಗೆಮನೆಯ ಸಿಂಕಿನ ಕೆಳಗೆ ಬಕೆಟ್ ಇಡುವ ಮೂಲೆಯಿಂದ ಬರುತ್ತಿತ್ತು. ಗಂಟೆ ಹನ್ನೆರಡು ದಾಟಿತ್ತು. ಎದುರಿಗೆ ನಿಂತು ಕೂಗಿದರೂ ಕೇಳಿಸಿಕೊಳ್ಳದ ಅತ್ತೆಗೆ ಇದು ಮಾತ್ರ ಗೋಡೆಯಾಚೆಯಿಂದಲೂ ಕೇಳಿಸಿತು.

“ಅದ್ಯಾಕೆ ಹಾಗೆ ಬಾಯಿ ಬಡ್ಕೋತಿದೆ?”

“ಬಾಯಿಂದಲ್ಲ ಅತ್ತೆ, ರೆಕ್ಕೆಯಿಂದ. ಚಿಮ್ಮಂಡೆ ಹುಳ ಅದು. ಒಂದು ರೆಕ್ಕೆಗೆ ಇನ್ನೊಂದನ್ನ ಉಜ್ಜುತ್ತೆ.”

“ಯಾವುದರಿಂದಾದ್ರೂ ಬಡ್ಕೊಳ್ಳಲಿ. ಪೊರಕೆ ತಗೊಂಡು ಒಂದು ಬಿಡು.”

ಸೊಸೆ ಪೊರಕೆ ಮುಟ್ಟಲಿಲ್ಲ. ಮಗ್ಗುಲು ಬದಲಿಸಿ ಮಲಗಿದಳು. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಗುತ್ತಿಗೆಯ ಮೇಲೆ ಅಟೆಂಡರ್ ಆಗಿದ್ದ ಅವಳನ್ನು ಮಕ್ಕಳೆಲ್ಲ ‘ಲ್ಯಾಬ್ ಅಕ್ಕ’ ಅನ್ನುತ್ತಿದ್ದರು. ಓದಿದ್ದು ಹತ್ತನೇ ಕ್ಲಾಸು. ಆದರೆ ಪಾಠ ನಡೆಯುವಾಗ ಗಾಜು ತೊಳೆಯುತ್ತ ನಿಂತವಳ ಕಿವಿ ಸುಮ್ಮನಿರುತ್ತದೆಯೇ? ಸಂಧಿಪದಿ ಅಂದರೆ ಗಿಣ್ಣುಗಿಣ್ಣಾದ ಕಾಲಿನದು; ಆರು ಕಾಲಿದ್ದರೆ ಕೀಟ, ಎಂಟಾದರೆ ಜೇಡನ ಕಡೆಯದು; ಹೊರಕವಚ ಬೆಳೆಯುವುದಿಲ್ಲ, ಅದಕ್ಕೇ ಹುಳ ಪೊರೆ ಕಳಚುತ್ತದೆ. ಎಲ್ಲ ಬಾಯಿಗೆ ಬರುತ್ತಿತ್ತು.

ನಾಳೆ ಪ್ರಾಯೋಗಿಕ ಪರೀಕ್ಷೆ. ಹುಳಗಳನ್ನಿಟ್ಟ ಹನ್ನೆರಡು ಗಾಜಿನ ಪೆಟ್ಟಿಗೆಗಳನ್ನು ಒರೆಸಿ, ನಂಬರು ಹಚ್ಚಿ, ಸಾಲಾಗಿ ಇಟ್ಟು ಬಂದಿದ್ದಳು. ಏಳನೆಯದನ್ನು ಒರೆಸುವಾಗ ಮಾತ್ರ, ಎಂದಿನಂತೆ, ಬೇರೆ ಕಡೆ ನೋಡಿದ್ದಳು.

ಎರಡು ವರ್ಷದ ಹಿಂದೆ ಆ ಪೆಟ್ಟಿಗೆ ಕಪಾಟಿನಿಂದ ಬಿದ್ದು, ಒಳಗೆ ಪಿನ್ನಿಗೆ ಚುಚ್ಚಿಟ್ಟ ಮಿಡತೆಯ ಮೀಸೆ ಮುರಿದಿತ್ತು. ಹೊಸದು ತರಿಸೋಣ ಎಂದು ಕೇಳಲು ಹೋದರೆ ವಿಭಾಗದ ಮುಖ್ಯಸ್ಥರು ಕಾಗದದಿಂದ ತಲೆ ಎತ್ತಲಿಲ್ಲ.

“ಡಬ್ಬಿಲಿರೋ ಯಾವುದಾದ್ರೂ ಮೀಸೆ ಅಂಟಿಸಮ್ಮ. ಯಾರು ನೋಡ್ತಾರೆ?”

ನಲ್ಲಿ ಸೋರಲಿ, ಚೀಟಿಯಲ್ಲಿ ಹೆಸರು ತಪ್ಪಿರಲಿ, ಸೀಸೆಯಲ್ಲಿ ಏಡಿ ಒಣಗಿ ಕೂತಿರಲಿ, ಅವರ ಉತ್ತರ ಅದೊಂದೇ. ಅಟೆಂಡರುಗಳು ಅವರ ಬೆನ್ನ ಹಿಂದೆ ‘ಯಾರ್‌ನೋಡ್ತಾರೆ ಸಾಹೇಬ್ರು’ ಎಂದೇ ಕರೆಯುತ್ತಿದ್ದರು.

ಹಳೆಯ ತುಂಡುಗಳ ಡಬ್ಬಿಯಲ್ಲಿ ಎರಡು ಜೊತೆ ಕುಡಿಮೀಸೆ ಸಿಕ್ಕಿದವು. ಒಂದು ಮಿಡತೆಯದೇ, ಗಿಡ್ಡ, ದಪ್ಪ. ಇನ್ನೊಂದು ಚಿಮ್ಮಂಡೆಯದು, ನೂಲಿನಷ್ಟು ಸಣ್ಣ, ಮೈಗಿಂತ ಉದ್ದ. ಅವಳು ಎರಡನೆಯದನ್ನು ಎತ್ತಿಕೊಂಡಳು. ಬೇಕೆಂದೇ. ಗೋಂದು ಹಚ್ಚಿ ಅಂಟಿಸಿದಳು. ಯಾರು ನೋಡ್ತಾರೋ ನಾನೂ ನೋಡೇಬಿಡ್ತೀನಿ ಅನ್ನುವ ಹಟ.

ಆಮೇಲೆ ನಾಲ್ಕು ಬ್ಯಾಚು ಬಂದುಹೋದವು. ನೂರಾರು ಮಕ್ಕಳು ಎರಡೆರಡು ನಿಮಿಷ ಆ ಪೆಟ್ಟಿಗೆಯ ಮುಂದೆ ನಿಂತು, ‘ಮಿಡತೆ, ಕೀಟ ವರ್ಗ, ತಲೆ ಎದೆ ಹೊಟ್ಟೆ ಎಂಬ ಮೂರು ಭಾಗ, ಒಂದು ಜೊತೆ ಕುಡಿಮೀಸೆ’ ಎಂದು ನೋಟ್ಸಿನಲ್ಲಿದ್ದುದನ್ನು ಬರೆದು ಪೂರ್ತಿ ಅಂಕ ತೆಗೆದುಕೊಂಡರು. ಕೊನೆಗೆ ಆ ಮನುಷ್ಯನ ಮಾತೇ ನಿಜವಾಯಿತಲ್ಲ ಎಂಬುದೇ ಅವಳಿಗೆ ಮೈ ಉರಿಸುತ್ತಿತ್ತು.

ಬೆಳಿಗ್ಗೆ ಪರೀಕ್ಷೆ ಶುರುವಾಯಿತು. ಗಂಟೆ ಹೊಡೆದಾಗಲೆಲ್ಲ ಮಕ್ಕಳು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸರಿಯಬೇಕು. ಲ್ಯಾಬ್ ಅಕ್ಕನದೇ ಗಂಟೆ. ದಪ್ಪ ಕನ್ನಡಕದ ಒಂದು ಹುಡುಗಿ, ಟೈಲರ್ ಮಗಳು, ಏಳನೇ ಪೆಟ್ಟಿಗೆಯ ಮೇಲೆ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದಳು. ಗಂಟೆ ಹೊಡೆದರೂ ಅಲುಗಲಿಲ್ಲ.

“ಮುಂದೆ ನಡಿಯಮ್ಮ,” ಮುಖ್ಯಸ್ಥರು ನಕ್ಕರು. “ಮಿಡತೆ ಹತ್ರ ಕಷ್ಟಸುಖ ಆಮೇಲೆ ಮಾತಾಡುವಿಯಂತೆ.”

ಮಧ್ಯಾಹ್ನ ಅದೇ ಕೋಣೆಯಲ್ಲಿ ಮೌಲ್ಯಮಾಪನ. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕಿ, ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡ ಬಿಳಿಗೂದಲ ಹೆಂಗಸು, ಕಿಟಕಿಯ ಮೇಜಿನಲ್ಲಿ ರೆಕಾರ್ಡ್ ಪುಸ್ತಕ ನೋಡುತ್ತಿದ್ದರು. ಮುಖ್ಯಸ್ಥರು ಒಂದು ಉತ್ತರಪತ್ರಿಕೆ ಎತ್ತಿ ಗಟ್ಟಿಯಾಗಿ ಓದಿದರು. “‘ಮೈ ಮಿಡತೆಯದು. ಮೀಸೆ ಇನ್ಯಾವುದೋ ಹುಳದ್ದು.’ ಇದೇನು ಉತ್ತರವೋ ತಲೆಹರಟೆಯೋ?” ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, ಹುಡುಗಿಯನ್ನು ಕರೆಸಿದರು.

“ನಿಮ್ಮಪ್ಪ ಏನು ಕೆಲಸ?”

“ಟೈಲರ್ ಸರ್.”

“ಅದಕ್ಕೇ ಎಲ್ಲ ಕಡೆ ತೇಪೆ ಕಾಣೋದು ನಿನಗೆ.”

“ಹಾಕಿದ್ರೆ ಕಾಣುತ್ತೆ ಸರ್.”

“ಉದ್ದ ಮೀಸೆಯ ಮಿಡತೆಗಳೂ ಇವೆ. ಅದು ಗೊತ್ತಾ?”

“ಗೊತ್ತು ಸರ್. ಅವಕ್ಕೆ ಕಿವಿ ಮುಂಗಾಲಲ್ಲಿರುತ್ತೆ. ಇದರ ಕಿವಿ ಹೊಟ್ಟೆ ಪಕ್ಕದಲ್ಲಿದೆ. ರೆಕ್ಕೆ ಬಿಡಿಸಿಟ್ಟಿದ್ದೀರಲ್ಲ, ಕಾಣುತ್ತೆ. ಇದು ಗಿಡ್ಡ ಮೀಸೆದೇ ಆಗ್ಬೇಕು.”

ಪರೀಕ್ಷಕಿಯ ಪೆನ್ನು ನಿಂತಿತು. ಮುಖ್ಯಸ್ಥರ ಕಿವಿ ಕೆಂಪಾಯಿತು. ಬಿಳಿ ಹಾಳೆಯೊಂದನ್ನು ಹುಡುಗಿಯ ಮುಂದೆ ತಳ್ಳಿದರು.

“ಪರೀಕ್ಷೆಯನ್ನ ಗೇಲಿ ಮಾಡಿದೆ, ತಪ್ಪಾಯಿತು ಅಂತ ಬರಿ. ಬರಿಯಲ್ಲ ಅಂದ್ರೆ ದುರ್ವರ್ತನೆ ಅಂತ ನಾನು ಬರೀತೀನಿ. ಒಂದು ವರ್ಷ ಮನೇಲಿ ಗುಂಡಿ ಹೊಲಿ.”

ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು. ಹಾಳೆ ನೋಡಿದಳು. ಮುಚ್ಚಳ ಹಾಕಿದಳು.

“ಬರಿಯಲ್ಲ ಸರ್. ಕಂಡದ್ದನ್ನ ಬರೀರಿ ಅಂತ ಪ್ರಶ್ನೆಪತ್ರಿಕೆಲಿದೆ. ಕಂಡದ್ದು ಬರ್ದಿದ್ದೀನಿ.”

ಸಿಂಕಿನ ಹತ್ತಿರ ಗಾಜು ತೊಳೆಯುತ್ತಿದ್ದ ಲ್ಯಾಬ್ ಅಕ್ಕ ನಲ್ಲಿ ನಿಲ್ಲಿಸಿದಳು. ಇವಳಿಗಾಗಿ ಎರಡು ವರ್ಷ ಕಾದಿದ್ದಳು. ನೋಡುವವರು ಒಬ್ಬರು ಬಂದರೆ ಅವರ ಗತಿ ಏನಾಗಬಹುದು ಎಂದು ಮಾತ್ರ ಯೋಚಿಸಿರಲಿಲ್ಲ. ಅವಳ ಹಟಕ್ಕೆ ಈ ಮಗುವಿನ ಒಂದು ವರ್ಷ ಹೋಗುವುದರಲ್ಲಿತ್ತು.

ಕೈ ಒರೆಸಿಕೊಂಡಳು. ಚಹಾಕ್ಕೆಂದು ಕಾಯಿಸಿದ್ದ ನೀರನ್ನು ಅಗಲವಾದ ಗಾಜಿನ ತಟ್ಟೆಗೆ ಸುರಿದಳು. ಏಳನೇ ಪೆಟ್ಟಿಗೆಯ ಮುಚ್ಚಳ ತೆಗೆದು, ಚಿಮಟದಲ್ಲಿ ಪಿನ್ನು ಹಿಡಿದು ಮಿಡತೆಯನ್ನು ಮೇಲೆತ್ತಿದಳು.

“ಏನಮ್ಮ ಮಾಡ್ತಿದೀಯ?”

“ತೋರಿಸ್ತೀನಿ ಸರ್.”

“ಇಡು ಅದನ್ನ. ನಿನ್ನ ಕೆಲಸ ಮುಂದುವರಿಸೋ ಕಾಗದ ನನ್ನ ಸಹಿಗೆ ಬಂದಿದೆ. ನೆನಪಿರಲಿ.”

“ನೆನಪಿದೆ ಸರ್.”

ನೀರಿಗೆ ಬಿಟ್ಟಳು. ಪರೀಕ್ಷಕಿ ಎದ್ದು ಬಂದು ಭೂತಗನ್ನಡಿ ಹಿಡಿದು ಬಗ್ಗಿದರು. ಆರು ಕಾಲೂ ಇದ್ದಲ್ಲೇ ಇದ್ದವು. ರೆಕ್ಕೆ ಅಲುಗಲಿಲ್ಲ. ಹಣೆಯ ಹತ್ತಿರ ಮಾತ್ರ ಏನೋ ಬೆಳ್ಳಗೆ ಕರಗಿ ಹರಡಿತು. ಎಡ ಮೀಸೆ ಓರೆಯಾಯಿತು, ಬಿಟ್ಟುಕೊಂಡಿತು, ತೇಲುತ್ತ ತಟ್ಟೆಯ ಅಂಚಿಗೆ ಹೋಗಿ ನಿಂತಿತು. ಹಿಂದೆಯೇ ಬಲದ್ದು.

“ಹುಟ್ಟಿದಾಗಿಂದ ಇದ್ದದ್ದು ಇಷ್ಟು ಬೇಗ ಬಿಡಲ್ಲ,” ಎಂದಳು ಲ್ಯಾಬ್ ಅಕ್ಕ. “ಗೋಂದು ಬಿಡುತ್ತೆ.”

“ಅಂಟಿಸಿದ್ದು ಯಾರು?” ಪರೀಕ್ಷಕಿ ಕೇಳಿದರು.

“ನಾನೇ ಮೇಡಂ.”

“ಅಂಟಿಸು ಅಂತ ಹೇಳಿದ್ದು?”

ಮುಖ್ಯಸ್ಥರು ಕಿಟಕಿಯಾಚೆ ನೋಡುತ್ತಿದ್ದರು. ಅವಳು ಅವರನ್ನೇ ನೋಡುತ್ತ ಹೇಳಿದಳು. “ಡಬ್ಬಿಲಿರೋ ಯಾವುದಾದ್ರೂ ಅಂಟಿಸು, ಯಾರು ನೋಡ್ತಾರೆ ಅಂದ್ರು ಸರ್.”

ಪರೀಕ್ಷಕಿ ಉತ್ತರಪತ್ರಿಕೆ ಎಳೆದುಕೊಂಡು ಸೊನ್ನೆ ಹೊಡೆದುಹಾಕಿ, ಪೂರ್ತಿ ಅಂಕ ಬರೆದು, ಪಕ್ಕದಲ್ಲಿ ಸಹಿ ಮಾಡಿದರು. ಬಿಳಿ ಹಾಳೆಯನ್ನು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. “ನಿಮ್ಮ ಉತ್ತರಪಟ್ಟಿಯ ಏಳನೇದು ತಿದ್ದಿಬಿಡಿ. ನನಗೇನೂ ಅವಸರ ಇಲ್ಲ,” ಎಂದು ಮುಖ್ಯಸ್ಥರ ಎದುರಿನ ಕುರ್ಚಿಯಲ್ಲೇ ಕೂತರು.

ಎಲ್ಲ ಮುಗಿದು ಪರೀಕ್ಷಕಿ ಹೊರಟ ಮೇಲೆ ಮುಖ್ಯಸ್ಥರು ಹಲ್ಲು ಕಚ್ಚಿ ಅಂದರು, “ನಾಳೆ ನನ್ನ ರೂಮಿಗೆ ಬಾ.”

“ಬರ್ತೀನಿ ಸರ್. ಹೇಗೂ ಹೊಸ ಚೀಟಿಗೆ ನಿಮ್ಮ ಸಹಿ ಬೇಕು.”

ಮಿಡತೆಯನ್ನು ಒಣಗಿಸಿ, ಹೊಸ ಪಿನ್ನಿಗೆ ಚುಚ್ಚಿ, ತನ್ನ ಗುಂಡು ಅಕ್ಷರದಲ್ಲಿ ಚೀಟಿ ಬರೆದಿದ್ದಳು: ‘ಮಿಡತೆ. ಕುಡಿಮೀಸೆ ಮುರಿದಿದೆ.’

ಹೊರಗೆ ಮೆಟ್ಟಿಲ ಹತ್ತಿರ ಹುಡುಗಿ ಕಾಯುತ್ತಿದ್ದಳು. ಥ್ಯಾಂಕ್ಸ್ ಹೇಳಲು ಬಾಯಿ ತೆರೆದವಳು ಕನ್ನಡಕ ಮೇಲೇರಿಸಿಕೊಂಡು ಬೇರೇನನ್ನೋ ಕೇಳಿದಳು.

“ಅಕ್ಕ, ನಿಮಗೆ ಹುಳಗಳು ಚೆನ್ನಾಗಿ ಗೊತ್ತು. ಡಬ್ಬಿಲಿ ಗಿಡ್ಡ ಮೀಸೆ ಒಂದೂ ಇರ್ಲಿಲ್ವಾ?”

ಲ್ಯಾಬ್ ಅಕ್ಕ ಬೀಗ ಹಾಕಿ, ಎಳೆದು ನೋಡಿದಳು. ಮತ್ತೊಮ್ಮೆ ಎಳೆದು ನೋಡಿದಳು.

“ಹೊತ್ತಾಯ್ತು. ಮನೆಗೆ ಹೋಗಮ್ಮ. ನಿಮ್ಮಪ್ಪ ದಾರಿ ಕಾಯ್ತಿರ್ತಾರೆ.”

ರಾತ್ರಿ ಸಿಂಕಿನ ಕೆಳಗೆ ಮತ್ತೆ ಕಿರ್ರ್ ಎಂದಿತು.

“ಯಾಕೆ ಮುಖ ಹಾಗಿದೆ?” ಅತ್ತೆ ಕೇಳಿದರು. “ಕಾಲೇಜಲ್ಲಿ ಏನಾಯ್ತು?”

ನಾಳೆ ಆ ರೂಮಿನಲ್ಲಿ ಕೆಲಸ ಹೋದರೂ ಹೋಗಬಹುದು. ಹೋಗಲಿ. ಅಂಟಿಸಿದ್ದು ನಾನೇ ಎಂದು ಹತ್ತು ಜನರ ಮುಂದೆ ಬೇಕಾದರೂ ಹೇಳಿಯಾಳು. ಬೇಕೆಂದೇ ಅಂಟಿಸಿದೆ ಎಂದು ಮಾತ್ರ ಹೇಳಲಾರಳು. ಹೇಳಿದರೆ ಆ ಹುಡುಗಿ ಕಂಡದ್ದು, ಯಾರೋ ಕಾಣಲೆಂದು ಇಟ್ಟದ್ದಾಗಿಬಿಡುತ್ತದೆ. ಅವಳ ಕಣ್ಣು ಅವಳದೇ ಆಗಿರಲಿ.

“ಏನೂ ಆಗಿಲ್ಲ ಅತ್ತೆ,” ಎಂದಳು, ಅವರ ಕಿವಿಯ ಹತ್ತಿರ ಬಾಯಿಟ್ಟು, ಸ್ಪಷ್ಟವಾಗಿ.

“ಹಾಗಾದ್ರೆ ಆ ಹುಳನಾದ್ರೂ ಹೊಡಿ.”

“ಹೊಡೆಯಲ್ಲ,” ಎಂದು ದೀಪ ಆರಿಸಿದಳು.