ಪರದೆಯ ಬಲಮೂಲೆ

ಡೊಲಿನಾಳ ಮಗ್ಗದ ಸದ್ದು ನಮ್ಮ ಊರಿಗೆಲ್ಲ ಗೊತ್ತು. ಕಾಲಿನಿಂದ ತುಳಿಯುವ ಕಬ್ಬಿಣದ ಮಗ್ಗ ಅದು. ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಅದು ಶುರುವಾಯಿತೆಂದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳದು. ಹಾಗಾಗಿ ಲ್ಯಾಪ್‌ಟಾಪನ್ನು ಅವಳು ನೂಲಿನ ಉಂಡೆಗಳ ಗೂಡಿನಲ್ಲಿ, ಕಣ್ಣಿಗೆ ಬೀಳುವಂತೆ ಇಟ್ಟುಕೊಂಡಿದ್ದಳು. ಯಾರಾದರೂ ಕರೆದರೆ ಪರದೆಯ ಬಲಮೂಲೆಯಲ್ಲಿ ಒಂದು ಸಣ್ಣ ಪೆಟ್ಟಿಗೆ ಮೂಡುತ್ತದೆ. ಕಿವಿಯ ಕೆಲಸವನ್ನು ಕಣ್ಣು ಮಾಡುತ್ತದೆ.

ಆ ಚಳಿಗಾಲ ಅವಳ ಅಣ್ಣ ಟೊರ್ಕಿಲ್ ಕಡಲಾಚೆಯ ಆಸ್ಪತ್ರೆಯಲ್ಲಿ ಮಲಗಿದ್ದ. ನಮ್ಮ ಲೂಯಿಸ್ ದ್ವೀಪದಿಂದ ಅಲ್ಲಿಗೆ ಹೋಗಲು ಹಡಗೇ ಗತಿ. ಬಿರುಗಾಳಿಗೆ ಹಡಗು ಬಂದರು ಬಿಟ್ಟು ಕದಲಿರಲಿಲ್ಲ. ಫೋನಿನ ಕಂಬ ಉರುಳಿತ್ತು. ನಮ್ಮ ತಗ್ಗಿನಲ್ಲಿ ಮೊಬೈಲಿಗೆ ಎಂದೂ ಸಿಗ್ನಲ್ ಇಲ್ಲ. ಚಾವಣಿಯ ಡಿಶ್ ತಟ್ಟೆಯಿಂದ ಇಳಿಯುವ ಇಂಟರ್ನೆಟ್ ಒಂದೇ ಉಳಿದಿದ್ದ ದಾರಿ. ಟೊರ್ಕಿಲ್ ಹೆಚ್ಚು ಹೊತ್ತು ಮಂಪರಿನಲ್ಲೇ ಇರುತ್ತಿದ್ದ. ಎಚ್ಚರವಾದ ಕೂಡಲೆ ವಿಡಿಯೊ ಕರೆ ಮಾಡಿಸುತ್ತೇನೆಂದು ನರ್ಸ್ ಇಶ್ಬೆಲ್ ಮಾತು ಕೊಟ್ಟಿದ್ದಳು.

ಟೊರ್ಕಿಲ್ ನಮ್ಮ ಚರ್ಚಿನಲ್ಲಿ ಸಾಲು ಎತ್ತಿಕೊಡುವವನು. ನಮ್ಮಲ್ಲಿ ವಾದ್ಯವಿಲ್ಲ. ಒಬ್ಬ ಕೀರ್ತನೆಯ ಒಂದು ಸಾಲನ್ನು ಹಾಡಿ ಬಿಡುತ್ತಾನೆ, ಸಭೆಯೆಲ್ಲ ಅದನ್ನು ಅಲೆಯಂತೆ ಎತ್ತಿಕೊಳ್ಳುತ್ತದೆ. ಅವನ ಸಾಲಿಗೆ ಮೊದಲು ದನಿ ಕೂಡಿಸುವವಳು ಚಿಕ್ಕಂದಿನಿಂದಲೂ ಡೊಲಿನಾಳೇ.

"ಅವನ ಬಾಯಿಂದ ಒಂದೇ ಒಂದು ಸಾಲು ಕೇಳಿ ನಾನು ಎತ್ಕೊಂಡ್ರೆ ಸಾಕು. ಆಮೇಲೆ ದೇವರು ಅವನನ್ನ ಕರ್ಕೊಳ್ಲಿ" ಎನ್ನುತ್ತಿದ್ದಳು.

ಶುಕ್ರವಾರ ಪೆಟ್ಟಿಗೆ ಮೂಡಿತು. ಆದರೆ ಅದರಲ್ಲಿ ಅಕ್ಷರವಿಲ್ಲ, ಒತ್ತುವ ಗುಂಡಿಯಿಲ್ಲ. ಬೂದು ಬಣ್ಣದ ಒಂದು ತುಂಡು ಮಾತ್ರ, ಉಳಿದದ್ದೆಲ್ಲ ಪರದೆಯ ಅಂಚಿನಾಚೆ. ಮಗ್ಗ ನಿಲ್ಲಿಸಿ ಎದ್ದು ಬರುವಷ್ಟರಲ್ಲಿ ಅದೂ ಮಾಯ. ತಡವರಿಸಿ ಇಶ್ಬೆಲ್‌ಗೆ ಕರೆ ಹಚ್ಚಿದಾಗ ಟೊರ್ಕಿಲ್ ಮತ್ತೆ ಮಂಪರಿಗೆ ಜಾರಿದ್ದ.

ಮರುದಿನ ಈವರ್‌ಗೆ ಹೇಳಿ ಕಳಿಸಿದಳು. ಹಿಂದೆ ಹಡಗುಗಳಲ್ಲಿ ರೇಡಿಯೊ ನಡೆಸಿದ ಮುದುಕ ಅವನು. ಊರಿನವರು ಕೊಂಡ ಕಂಪ್ಯೂಟರುಗಳನ್ನೆಲ್ಲ ಮೊದಲು ತೆರೆದು ಹೊಂದಿಸಿಕೊಡುವವನೂ ಅವನೇ. ಓಟ್ಸ್ ರೊಟ್ಟಿ ಕೊಡಲು ಹೋಗಿದ್ದ ನಾನೂ ಕೊಟ್ಟಿಗೆಯಲ್ಲೇ ನಿಂತೆ.

"ಏನು ಮಾಡ್ಕೊಂಡೆ ತಾಯಿ ಇದನ್ನ?" ಎಂದ ಈವರ್.

"ನಾನೇನು ಮಾಡ್ಲಿ? ನೀನು ಮುಟ್ಟಿದ ಸಾಮಾನು ಯಾವುದು ನೆಟ್ಟಗಿದೆ ಹೇಳು. ನಿನ್ನ ಹಡಗುಗಳು ದಡ ಸೇರಿದ್ದೇ ದೇವರ ದಯೆ."

"ನಗಿಸ್ಬೇಡ, ಕೈ ತಪ್ಪುತ್ತೆ."

ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದ. ತನ್ನ ಮೊಬೈಲನ್ನು ಅದೇ ಇಂಟರ್ನೆಟ್ಟಿಗೆ ಸೇರಿಸಿ ಒಂದು ಸಂದೇಶ ಕಳಿಸಿ ನೋಡಿದ. ಅದೇ ಬೂದು ತುಂಡು. ಹೊಸ ತಂತ್ರಾಂಶ ಇಳಿಸಿದ. ಅದು ಇಳಿಯುವಷ್ಟರಲ್ಲಿ ಟೀ ತಣ್ಣಗಾಯಿತು. ಮತ್ತೆ ಅದೇ ತುಂಡು.

"ಇದಕ್ಕೂ ನಿನ್ನ ಹಾಗೇ ಹಟ" ಎಂದು ಗೊಣಗಿ, ಕನ್ನಡಕ ಏರಿಸಿ ನೋಡಿದ. "ಅಲ್ಲಮ್ಮ, ಅಕ್ಷರ ಯಾಕೆ ಇಷ್ಟು ದಪ್ಪ?"

"ಮಗ್ಗದ ಮೇಲಿಂದ ಕಾಣ್ಲಿ ಅಂತ ನೀನೇ ಅಲ್ವೇನೋ ದಪ್ಪ ಮಾಡ್ಕೊಟ್ಟಿದ್ದು!"

"ಅಲ್ಲಿದೆ ನೋಡು ರೋಗ. ಅಕ್ಷರ ಉಬ್ಬಿ ಉಬ್ಬಿ ಪೆಟ್ಟಿಗೇನೇ ಹೊರಗೆ ನೂಕ್ತಿದೆ."

ಅಕ್ಷರವನ್ನು ಒಂದು ಮೆಟ್ಟಿಲು ಇಳಿಸಿದ. ಪೆಟ್ಟಿಗೆ ಬೇಗ ಮಾಯವಾಗದಂತೆ, ಪರದೆ ಕಪ್ಪಾಗದಂತೆ ಮಾಡಿದ. ಮತ್ತೆ ಸಂದೇಶ ಕಳಿಸಿದ. ಬಲಮೂಲೆಯಲ್ಲಿ ಪೆಟ್ಟಿಗೆ ಪೂರ್ತಿಯಾಗಿ ಅರಳಿತು: "ಬಿಸಿ ಟೀ ಎಲ್ಲಿ?"

ಡೊಲಿನಾ ನಕ್ಕಳು. ಆ ನಗುವನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ. ಮರುಗಳಿಗೆಯೇ ಮುಖ ಚಿಕ್ಕದು ಮಾಡಿಕೊಂಡು, "ನಾಳೆ ಸಬ್ಬತ್ತು" ಎಂದಳು.

ಸಬ್ಬತ್ ಎಂದರೆ ದೇವರಿಗೆ ಮೀಸಲಾದ ಭಾನುವಾರ; ಆ ದಿನ ನಮ್ಮಲ್ಲಿ ಮಗ್ಗ ನಡೆಯದು, ತಂತಿಯ ಮೇಲೆ ಬಟ್ಟೆ ಹಾರದು. ಕಂಪ್ಯೂಟರಿಗೂ ಬಟ್ಟೆ ಹೊದಿಸಿಬಿಡುತ್ತೇವೆ.

"ಕರುಣೆಯ ಕೆಲಸಕ್ಕೆ ಆ ದಿನ ತಡೆಯಿಲ್ಲ. ಬಟ್ಟೆ ಹೊದಿಸ್ಬೇಡ. ಕರೆ ಬಂದ್ರೆ ಎತ್ತು" ಎಂದ ಈವರ್.

"ಬಂದ್ರೆ ಎತ್ತೀನಿ. ನಾನಾಗಿ ಏನೂ ಒತ್ತಲ್ಲ."

ಭಾನುವಾರ ಅವಳು ಚರ್ಚಿಗೆ ಬರಲಿಲ್ಲ. ಆರಾಧನೆ ಮುಗಿಸಿ ನಾನು ಹೋದಾಗ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತಂದಿಟ್ಟುಕೊಂಡು ಕೂತಿದ್ದಳು. ಮಡಿಲಲ್ಲಿ ಬೈಬಲ್, ಕಣ್ಣು ಬಲಮೂಲೆಯಲ್ಲಿ.

"ಬಂತಾ?"

"ಇಲ್ಲ. ಮಲಗಿರ್ಬೇಕು. ನಿದ್ದೆ ಒಳ್ಳೇದೇ ಅಲ್ವಾ?"

"ಒಂದ್ಸಲ ನೀನೇ ಕರೆದು ನೋಡೇ."

"ನನ್ನ ಆತುರಕ್ಕೆ ದೇವರ ದಿನ ಮುರಿದೆ ಅಂದ್ರೆ ಅಣ್ಣನೇ ಬೈತಾನೆ. ಪೆಟ್ಟಿಗೆ ಈಗ ಸರಿಯಾಗಿದೆಯಲ್ಲ, ಬರುತ್ತೆ ಬಿಡು."

ನಾನೂ ಕೂತೆ. ಕಿಟಕಿಯಾಚೆ ಕಡಲು ಬೇಗನೆ ಕಪ್ಪಾಯಿತು. ಪರದೆ ಬೆಳಗುತ್ತಲೇ ಇತ್ತು. ಅದರ ಮೂಲೆ ತೊಳೆದಿಟ್ಟ ತಟ್ಟೆಯಷ್ಟು ಬರಿದು. ಕಾಯುವುದೂ ಒಂದು ಪ್ರಾರ್ಥನೆಯೆಂದು ನಾನು ನಂಬಿದವಳು; ಆ ಸಂಜೆಯೂ ನಂಬಿದ್ದೆ.

ಸೋಮವಾರ ಬೆಳಿಗ್ಗೆ ಗಾಳಿ ನಿಂತಿತ್ತು. ಸುದ್ದಿ ಕೇಳಲು ಈವರ್ ಬಂದ, ಜೊತೆಗೆ ನಾನು. ಡೊಲಿನಾ ಒಲೆಯ ಮೇಲೆ ನೀರಿಡುತ್ತಿದ್ದಳು. ಆಗ ಮೂಲೆ ಎಚ್ಚೆತ್ತಿತು. ಒಂದರ ಮೇಲೊಂದು ಪೆಟ್ಟಿಗೆ ಏರುತ್ತ ಬಂದವು. ಎಲ್ಲವೂ ಪೂರ್ತಿ, ಒಂದಕ್ಷರವೂ ಕತ್ತರಿಸಿರಲಿಲ್ಲ. ಎಲ್ಲವೂ ಇಶ್ಬೆಲ್‌ಳದು, ಎಲ್ಲವೂ ಭಾನುವಾರದ್ದು.

"ಎಚ್ಚರವಾಗಿದ್ದಾರೆ, ಕರೆ ಮಾಡುತ್ತಿದ್ದೇನೆ."

"ಡೊಲಿನಾ, ದಯವಿಟ್ಟು ಎತ್ತಿ."

"ಒಂದು ಸಾಲು ಹಾಡಿದರು. ನೀವು ಎತ್ತಿಕೊಳ್ಳುತ್ತೀರೆಂದು ಕಾಯುತ್ತಿದ್ದಾರೆ."

"ಇನ್ನೂ ಕಾಯುತ್ತಿದ್ದಾರೆ."

"ಈಗ ಹೋದರು. ನೋವಿರಲಿಲ್ಲ."

ಈವರ್‌ಗೆ ಆಗ ನೆನಪಾಯಿತು. ಊರಿನ ಪ್ರತಿ ಕಂಪ್ಯೂಟರಿಗೂ ಅವನು ಮಾಡುವ ಮೊದಲ ಕೆಲಸ ಒಂದಿತ್ತು: ಸಬ್ಬತ್ ಶುರುವಾದಾಗಿನಿಂದ ಸೋಮವಾರದ ಬೆಳಗಿನವರೆಗೆ ಯಾವ ಪೆಟ್ಟಿಗೆಯೂ ಮೂಡದಂತೆ, ಯಾವ ಗಂಟೆಯೂ ಬಾರಿಸದಂತೆ ಮೌನ ಹಾಕುವುದು. ಎಲ್ಲರೂ ಕೇಳಿ ಹಾಕಿಸಿಕೊಂಡದ್ದೇ. ದೇವರ ದಿನ ಕಾಯಲು ಹಾಕಿದ ಆ ಅಗುಳಿ ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಇದೆಯೆಂಬುದೇ ಯಾರಿಗೂ ನೆನಪಿರಲಿಲ್ಲ. ಶನಿವಾರ ಅವನು ಎಲ್ಲವನ್ನೂ ತಡಕಿದ್ದ, ಅದೊಂದನ್ನು ಬಿಟ್ಟು.

"ನನ್ನ ಕೈಯಾರೆ, ಡೊಲಿನಾ..."

"ಸುಮ್ನಿರು. ನಾನೇ ಕೇಳಿ ಹಾಕಿಸ್ಕೊಂಡಿದ್ದು."

ಬಂದರಿನಿಂದ ಹಡಗಿನ ಕೂಗು ಕೇಳಿತು, ಅಷ್ಟು ದಿನಗಳ ಮೇಲೆ. ಅವಳು ತಲೆಯೆತ್ತಲಿಲ್ಲ. ಬಾಯಿ ತೆರೆದಳು, ಸಾಲನ್ನು ಎತ್ತಿಕೊಳ್ಳುತ್ತಾಳೆ ಎಂದುಕೊಂಡೆ. ಆದರೆ ಅವನು ಯಾವ ಸಾಲು ಹಾಡಿದನೆಂದು ಇಶ್ಬೆಲ್ ಬರೆದಿರಲಿಲ್ಲ. ಬಾಯಿ ಹಾಗೆಯೇ ಮುಚ್ಚಿತು.

"ಆ ಮೌನ ತೆಗೆದುಬಿಡ್ಲಾ?" ಈವರ್ ಕೇಳಿದ.

"ಯಾಕೆ? ಇನ್ಯಾರು ಕರೀಬೇಕು ನನ್ನ?"

ಲ್ಯಾಪ್‌ಟಾಪ್ ಮಡಚಿ, ಅದರ ಮೇಲೆ ಸಬ್ಬತ್ತಿನ ಬಟ್ಟೆ ಹೊದಿಸಿದಳು. ಅದು ಸೋಮವಾರವಾಗಿತ್ತು.